ವಾಷಿಂಗ್ಟನ್ ಅಳತೆಗೆ ಹೊಲಿದ ಅಂಗಿ

2025ರ ಸೆಪ್ಟೆಂಬರ್ 20, ಶನಿವಾರ. ಮಾರನೆಯ ದಿನ ಮಹಾಲಯ ಅಮಾವಾಸ್ಯೆ. ಬೆಳಿಗ್ಗೆ ಕಾಫಿಗೆ ಡಿಕಾಕ್ಷನ್ ಇಳಿಸುತ್ತಿದ್ದಾಗ ಅಣ್ಣನ ಮಗ ಫೋನ್ ನೋಡುತ್ತಲೇ ಅಡುಗೆಮನೆಗೆ ಬಂದ. ದಸರೆಗೆಂದು ರಜೆ ಹಾಕಿ ಅಮೆರಿಕದಿಂದ ಮೈಸೂರಿಗೆ ಬಂದು ಮೂರು ದಿನವಾಗಿತ್ತಷ್ಟೆ. ಎಚ್‌-1ಬಿ ವೀಸಾಕ್ಕೆ ಒಂದು ಲಕ್ಷ ಡಾಲರ್ ಕಟ್ಟಬೇಕೆಂಬ ಘೋಷಣೆಗೆ ಅಲ್ಲಿಯ ಅಧ್ಯಕ್ಷರು ಸಹಿ ಹಾಕಿದ್ದರು. ಜಾರಿಗೆ ಬರುವುದು ಅವರ ಪೂರ್ವ ಕರಾವಳಿಯ ಗಡಿಯಾರದಲ್ಲಿ ಭಾನುವಾರ ನಡುರಾತ್ರಿ 12.01ಕ್ಕೆ, ಅಂದರೆ ನಮಗೆ ಭಾನುವಾರ ಬೆಳಿಗ್ಗೆ 9.31ಕ್ಕೆ. ಹೊರದೇಶದಲ್ಲಿರುವವರು ಅಷ್ಟರೊಳಗೆ ವಾಪಸ್ ಬನ್ನಿ ಎಂದು ಅವನ ಕಂಪನಿಯಿಂದ ಮೇಲ್ ಬಂದಿತ್ತು. ಮೈಸೂರಿನಿಂದ ಹೊರಟು ಆ ಹೊತ್ತಿಗೆ ಅಮೆರಿಕದ ನೆಲ ಮುಟ್ಟುವುದು ಆಗುಹೋಗುವ ಮಾತಾಗಿರಲಿಲ್ಲ.

"ಅತ್ತೆ, ಒಬ್ಬರು ಒಂದು ಸಹಿ ಹಾಕಿದ್ರೆ ಇಷ್ಟೆಲ್ಲ ಆಗಿಬಿಡತ್ತಾ? ಪಾರ್ಲಿಮೆಂಟಲ್ಲಿ ಚರ್ಚೆ ಗಿರ್ಚೆ ಏನೂ ಬೇಡವಾ? ನೀವು ಇದನ್ನೇ ಅಲ್ವಾ ಪಾಠ ಮಾಡ್ತಿದ್ದದ್ದು?"

ಹೌದು, ಇದನ್ನೇ. ಇಪ್ಪತ್ತೇಳು ವರ್ಷ ಪದವಿ ತರಗತಿಗಳಿಗೆ ರಾಜ್ಯಶಾಸ್ತ್ರ ಹೇಳಿದ್ದೇನೆ. 'ಅಮೆರಿಕದ ಅಧ್ಯಕ್ಷರ ಅಧಿಕಾರ ಮತ್ತು ಕಾರ್ಯಗಳನ್ನು ವಿವರಿಸಿ' ಎಂಬುದು ಹತ್ತು ಅಂಕದ ಖಾಯಂ ಪ್ರಶ್ನೆ. ಕಾರ್ಯಾಂಗದ ಅಧಿಕಾರ, ಶಾಸನೀಯ ಅಧಿಕಾರ, ಸೇನಾಧಿಕಾರ, ಕ್ಷಮಾದಾನ ಎಂದು ತಲೆಬರಹ ಹಾಕಿಸಿ ಬರೆಸುತ್ತಿದ್ದೆ. ಆ ಉತ್ತರದಲ್ಲಿ ಅಧಿಕಾರವೆಂದರೆ ಒಂದು ಪಟ್ಟಿ. ಆ ಪಟ್ಟಿ ಯಾರ ಕೈಯಿಂದ ಯಾವಾಗ ಉದ್ದವಾಯಿತು ಎಂದು ಹೇಳಲು ಅಲ್ಲಿ ಜಾಗವಿರಲಿಲ್ಲ. ಆ ಬೆಳಿಗ್ಗೆ ಅವನ ಮುಖ ನೋಡಿಕೊಂಡು ಪಾಠ ಹೇಳಲು ನನಗೆ ಬಾಯಿ ಬರಲಿಲ್ಲ. ಆಗ ಹೇಳಬೇಕಿದ್ದದ್ದನ್ನು ಈಗ ಬರೆಯುತ್ತಿದ್ದೇನೆ.

ಶುರುಮಾಡಬೇಕಾದದ್ದು ಒಂದು ಮೌನದಿಂದ. 1787ರ ಜೂನ್ 1, ಫಿಲಡೆಲ್ಫಿಯಾ. ಬ್ರಿಟನ್ನಿನಿಂದ ಬಿಡಿಸಿಕೊಂಡ ರಾಜ್ಯಗಳ ಪ್ರತಿನಿಧಿಗಳು ಹೊಸ ಸಂವಿಧಾನ ಬರೆಯಲು ಸೇರಿದ್ದರು. ಒಳಗಿನ ಮಾತು ಹೊರಗೆ ಹೋಗಕೂಡದೆಂಬುದು ಸಭೆಯ ನಿಯಮ. ಅಂದಿನ ವಿಷಯ ಕಾರ್ಯಾಂಗ. ಪೆನ್ಸಿಲ್ವೇನಿಯಾದ ಜೇಮ್ಸ್ ವಿಲ್ಸನ್ ಎದ್ದು, ಕಾರ್ಯಾಂಗದ ಅಧಿಕಾರ ಒಬ್ಬನೇ ವ್ಯಕ್ತಿಯ ಕೈಯಲ್ಲಿರಲಿ ಎಂದು ಸೂಚಿಸಿದ. ಸಭೆಯಲ್ಲಿ ಯಾರೂ ತುಟಿ ಬಿಚ್ಚಲಿಲ್ಲ. ಬಹಳ ಹೊತ್ತು ಮೌನ ಕವಿಯಿತೆಂದು ಟಿಪ್ಪಣಿ ಬರೆದುಕೊಳ್ಳುತ್ತಿದ್ದ ಮ್ಯಾಡಿಸನ್ ದಾಖಲಿಸಿದ್ದಾನೆ. ಕೊನೆಗೆ 81 ವರ್ಷದ ಬೆಂಜಮಿನ್ ಫ್ರಾಂಕ್ಲಿನ್, ಇದು ಬಹಳ ಮುಖ್ಯವಾದ ವಿಷಯ, ಮತಕ್ಕೆ ಹಾಕುವ ಮೊದಲು ನಿಮ್ಮ ನಿಮ್ಮ ಅಭಿಪ್ರಾಯ ಹೇಳಿ ಎಂದು ಕೇಳಿಕೊಳ್ಳಬೇಕಾಯಿತು.

ಆ ಮೌನಕ್ಕೆ ಎರಡು ಕಾರಣವಿತ್ತೆಂದು ನನಗೆ ತೋರುತ್ತದೆ. ಹನ್ನೊಂದು ವರ್ಷದ ಹಿಂದೆಯಷ್ಟೇ ಅವರು ಮೂರನೆಯ ಜಾರ್ಜ್ ದೊರೆಯ ದೌರ್ಜನ್ಯಗಳನ್ನು ಒಂದೊಂದಾಗಿ ಎಣಿಸಿ ಸ್ವಾತಂತ್ರ್ಯ ಘೋಷಿಸಿದ್ದರು. ಆ ಸಿಟ್ಟಿನಲ್ಲಿ ಕಟ್ಟಿಕೊಂಡ ಮೊದಲ ಒಕ್ಕೂಟಕ್ಕೆ ಕಾರ್ಯಾಂಗವನ್ನೇ ಇಟ್ಟಿರಲಿಲ್ಲ. ಅದರ ಫಲವನ್ನೂ ಉಂಡಿದ್ದರು. ತೆರಿಗೆ ಬರುತ್ತಿರಲಿಲ್ಲ, ಸಾಲ ತೀರುತ್ತಿರಲಿಲ್ಲ, ಮ್ಯಾಸಚೂಸೆಟ್ಸ್‌ನಲ್ಲಿ ಸಾಲದಿಂದ ಬೇಸತ್ತ ರೈತರು ಬಂಡೆದ್ದಾಗ ಕೇಂದ್ರದಲ್ಲಿ ಮುಂದೆ ನಿಂತು ನಿಭಾಯಿಸುವವರೇ ಇರಲಿಲ್ಲ. ಒಬ್ಬ ಬೇಕು, ಆದರೆ ಆ ಒಬ್ಬ ಮತ್ತೆ ದೊರೆಯಾದರೆ? ವರ್ಜೀನಿಯಾದ ಎಡ್ಮಂಡ್ ರಾಂಡಾಲ್ಫ್ ಇದು ರಾಜಪ್ರಭುತ್ವದ ಭ್ರೂಣ ಎಂದೇ ಹೇಳಿದ. ಅವನಿಗೆ ದೇಶದ ಮೂರು ಭಾಗಗಳಿಂದ ಮೂವರು ಬೇಕಿತ್ತು.

ಎರಡನೆಯ ಕಾರಣ ಅದೇ ಕೋಣೆಯಲ್ಲಿ ಕೂತಿತ್ತು. ಸೇನೆ ಗೆದ್ದ ಮೇಲೆ ಅಧಿಕಾರ ಹಿಡಿಯದೆ, ಖಡ್ಗ ಒಪ್ಪಿಸಿ ಊರಿಗೆ ಹೋಗಿದ್ದ ಜಾರ್ಜ್ ವಾಷಿಂಗ್ಟನ್. ಆ ಒಬ್ಬ ಯಾರಾಗುತ್ತಾನೆಂದು ಎಲ್ಲರಿಗೂ ಗೊತ್ತಿತ್ತು. ಅವನ ಎದುರಿಗೆ ಕೂತು 'ಒಬ್ಬನ ಕೈಗೆ ಇಷ್ಟು ಕೊಟ್ಟರೆ ಕೆಟ್ಟುಹೋಗುತ್ತಾನೆ' ಎಂದು ಹೇಗೆ ವಾದಿಸುವುದು? ಮೂರು ದಿನದ ನಂತರ ಮತಕ್ಕೆ ಹಾಕಿದಾಗ ಏಳು ರಾಜ್ಯ ಒಬ್ಬನ ಪರ, ಮೂರು ವಿರುದ್ಧ. ವಾಷಿಂಗ್ಟನ್ ತಾನೂ ಪರವಾಗಿ ಮತ ಹಾಕಿದ. ಅದೇ ದಿನ ಫ್ರಾಂಕ್ಲಿನ್ ಆಡಿದ ಮಾತನ್ನು ನಾನು ಪ್ರತಿ ವರ್ಷ ಕರಿಹಲಗೆಯ ಮೇಲೆ ಬರೆಯುತ್ತಿದ್ದೆ: ಮೊದಲು ಚುಕ್ಕಾಣಿ ಹಿಡಿಯುವವನು ಒಳ್ಳೆಯವನೇ ಆಗಿರುತ್ತಾನೆ, ಆಮೇಲೆ ಎಂಥವರು ಬರುತ್ತಾರೋ ಯಾರಿಗೂ ಗೊತ್ತಿಲ್ಲ.

ಮರುವರ್ಷ ಸೌತ್ ಕೆರೊಲಿನಾದ ಪಿಯರ್ಸ್ ಬಟ್ಲರ್ ಒಂದು ಪತ್ರದಲ್ಲಿ ಇದನ್ನು ಬಾಯಿಬಿಟ್ಟು ಒಪ್ಪಿಕೊಂಡಿದ್ದಾನೆ. ಸಭೆಯ ಅನೇಕರು ಜನರಲ್ ವಾಷಿಂಗ್ಟನ್ ಕಡೆ ಕಣ್ಣಿಟ್ಟುಕೊಂಡು, ಅವನ ಗುಣವನ್ನು ನೋಡಿ ಅಧ್ಯಕ್ಷನ ಅಧಿಕಾರವನ್ನು ರೂಪಿಸಿದರು. ಇಲ್ಲದಿದ್ದರೆ ಇಷ್ಟೊಂದು ಕೊಡುತ್ತಿರಲಿಲ್ಲ ಎಂದು. ಒಬ್ಬ ಎತ್ತರದ ಆಳಿನ ಅಳತೆ ತೆಗೆದುಕೊಂಡು ಅಂಗಿ ಹೊಲಿದರು. ಅದನ್ನು ಮುಂದಿನವರೆಲ್ಲ ತೊಡಬೇಕಾಯಿತು. ಅಂಗಿ ದೊಡ್ಡದಾದಾಗ ಕತ್ತರಿಸಿದವರು ಕಡಿಮೆ. ಅದಕ್ಕೆ ತಕ್ಕಂತೆ ಮೈ ಬೆಳೆಸಿಕೊಂಡವರೇ ಹೆಚ್ಚು.

ಬರೆದದ್ದಾದರೂ ಎಷ್ಟು? ಅಧ್ಯಕ್ಷರ ಕುರಿತಾದ ಎರಡನೆಯ ವಿಧಿ ಇಂಗ್ಲಿಷಿನಲ್ಲಿ ಸುಮಾರು ಸಾವಿರ ಪದ. ಅದರಲ್ಲೂ ದೊಡ್ಡ ಪಾಲು ಅವರನ್ನು ಆರಿಸುವ ಬಗೆಗೇ ಹೋಗುತ್ತದೆ. ಸೇನೆಯ ಮಹಾದಂಡನಾಯಕ, ಕ್ಷಮಾದಾನ, ಮೇಲ್ಮನೆಯಾದ ಸೆನೆಟ್ಟಿನ ಸಲಹೆ ಮತ್ತು ಒಪ್ಪಿಗೆ ಪಡೆದು ಒಪ್ಪಂದ ಹಾಗೂ ನೇಮಕ, ಕಾಯಿದೆಗಳು ನಿಷ್ಠೆಯಿಂದ ಜಾರಿಯಾಗುವಂತೆ ನೋಡಿಕೊಳ್ಳುವ ಹೊಣೆ. ನನ್ನ ವಿದ್ಯಾರ್ಥಿಗಳಿಗೆ ನಾನು ತೋರಿಸಬೇಕಿದ್ದ, ತೋರಿಸದೆ ಬಿಟ್ಟ ಒಂದು ವ್ಯತ್ಯಾಸವಿದೆ. ಮೊದಲನೆಯ ವಿಧಿ ಶುರುವಾಗುವುದು 'ಇಲ್ಲಿ ಕೊಟ್ಟಿರುವ ಎಲ್ಲ ಶಾಸನಾಧಿಕಾರ ಕಾಂಗ್ರೆಸ್ಸಿನದು' ಎಂದು. (ಕಾಂಗ್ರೆಸ್ ಎಂದರೆ ಅವರ ಸಂಸತ್ತು, ನಮ್ಮ ಪಕ್ಷವಲ್ಲ, ತರಗತಿಯಲ್ಲಿ ಇದನ್ನು ಮೊದಲ ದಿನವೇ ಹೇಳಿಬಿಡುತ್ತಿದ್ದೆ.) ಎರಡನೆಯ ವಿಧಿಯಲ್ಲಿ 'ಇಲ್ಲಿ ಕೊಟ್ಟಿರುವ' ಎಂಬ ಮಾತಿಲ್ಲ. 'ಕಾರ್ಯಾಂಗದ ಅಧಿಕಾರ ಅಧ್ಯಕ್ಷರದು' ಎಂದಷ್ಟೇ ಇದೆ. ಹಾಗಾದರೆ ಕೆಳಗೆ ಬರೆದಿರುವುದು ಪೂರ್ತಿ ಪಟ್ಟಿಯೋ, ಬರೀ ಮಾದರಿಯೋ? 1793ರಲ್ಲಿ ವಾಷಿಂಗ್ಟನ್ ಕಾಂಗ್ರೆಸ್ಸನ್ನು ಕೇಳದೆ ಯುರೋಪಿನ ಯುದ್ಧದಲ್ಲಿ ತಾವು ತಟಸ್ಥರೆಂದು ಸಾರಿದಾಗ, ಹ್ಯಾಮಿಲ್ಟನ್ ಬರೀ ಮಾದರಿ ಎಂದ, ಮ್ಯಾಡಿಸನ್ ಸಿಡಿದೆದ್ದ. ಇಬ್ಬರೂ ಆ ಸಂವಿಧಾನ ಬರೆದ ಕೋಣೆಯಲ್ಲೇ ಕೂತಿದ್ದವರು. ಜಗಳ ಇನ್ನೂ ತೀರಿಲ್ಲ.

ಬರೆಯದ ಕಡೆಗಳಲ್ಲಿ ನಡೆದದ್ದೇ ದಾರಿಯಾಯಿತು. 1789ರ ಆಗಸ್ಟ್ 22ರ ಒಂದು ಪ್ರಸಂಗ ನನಗೆ ಬಹಳ ಇಷ್ಟ. ಸಲಹೆ ಮತ್ತು ಒಪ್ಪಿಗೆ ಎಂದು ಬರೆದಿದೆಯಲ್ಲ, ಸಲಹೆ ಕೇಳೋಣವೆಂದು ವಾಷಿಂಗ್ಟನ್ ತಾನೇ ನ್ಯೂಯಾರ್ಕಿನಲ್ಲಿದ್ದ ಸೆನೆಟ್ಟಿಗೆ ಹೋದ. ದಕ್ಷಿಣದ ಮೂಲನಿವಾಸಿ ಬುಡಕಟ್ಟುಗಳ ಜೊತೆ ಮಾಡಿಕೊಳ್ಳಬೇಕಾದ ಒಪ್ಪಂದದ ವಿಷಯ. ಉಪಾಧ್ಯಕ್ಷ ಆ್ಯಡಮ್ಸ್ ಕಾಗದ ಓದಿದ, ಹೊರಗೆ ಸಾರೋಟುಗಳ ಸದ್ದಿನಲ್ಲಿ ಕೇಳಿಸಲಿಲ್ಲ. ಮತ್ತೆ ಓದಿ ಎಂದರು. ಆಮೇಲೆ ವಿಲಿಯಂ ಮೆಕ್ಲೇ ಎಂಬ ಸೆನೆಟರ್ ಎದ್ದು ಪೂರಕ ಕಾಗದಪತ್ರ ನೋಡಬೇಕೆಂದ. ಸಮಿತಿಗೆ ಒಪ್ಪಿಸೋಣವೆಂಬ ಮಾತು ಬಂತು. ವಾಷಿಂಗ್ಟನ್ ಸಿಟ್ಟಿನಿಂದ ಎದ್ದು, ನಾನು ಇಲ್ಲಿಗೆ ಬಂದ ಉದ್ದೇಶವೇ ಇದರಿಂದ ಹಾಳಾಗುತ್ತದೆ ಎಂದನೆಂದು ಮೆಕ್ಲೇ ಡೈರಿಯಲ್ಲಿ ಬರೆದಿಟ್ಟಿದ್ದಾನೆ. ಸೋಮವಾರ ಮತ್ತೆ ಬಂದು ಕೆಲಸ ಮುಗಿಸಿಕೊಂಡ ವಾಷಿಂಗ್ಟನ್ ಆಮೇಲೆ ಸಲಹೆ ಕೇಳಲು ಆ ಮೆಟ್ಟಿಲು ಹತ್ತಲಿಲ್ಲ. ಒಪ್ಪಂದ ಮೊದಲು ಮಾಡಿಕೊಂಡು ಒಪ್ಪಿಗೆಗೆ ಆಮೇಲೆ ಕಳಿಸುವ ರೂಢಿ ಬಿತ್ತು. ಸಂವಿಧಾನದ ಒಂದು ಅಕ್ಷರ ಬದಲಾಗಲಿಲ್ಲ, ಅದರೊಳಗಿನ 'ಸಲಹೆ' ಮಾತ್ರ ಸೊರಗಿಹೋಯಿತು.

ಎರಡು ಅವಧಿ ಮುಗಿಸಿ ಊರಿಗೆ ಹೊರಟದ್ದೂ ಹೀಗೆಯೇ ರೂಢಿಯಾಯಿತು. ಅದು ಮುರಿದದ್ದು 1940ರಲ್ಲಿ, ಫ್ರಾಂಕ್ಲಿನ್ ರೂಸ್‌ವೆಲ್ಟ್ ಮೂರನೆಯ ಸಲ ಗೆದ್ದಾಗ. ಎರಡೇ ಅವಧಿ ಎಂಬ ಮಿತಿ ಕಾಯಿದೆಯಾಗಿ ಸಂವಿಧಾನ ಸೇರಿದ್ದು 1951ರಲ್ಲಿ.

ಹತ್ತೊಂಬತ್ತನೆಯ ಶತಮಾನದ ಬಹುಪಾಲು ಅಧ್ಯಕ್ಷರ ಹೆಸರು ನನ್ನ ವಿದ್ಯಾರ್ಥಿಗಳಿಗೆ ನೆನಪಿರುತ್ತಿರಲಿಲ್ಲ. ನೆನಪಿಡಬೇಕಾದ ಅಗತ್ಯವೂ ಹೆಚ್ಚಿರಲಿಲ್ಲ, ಏಕೆಂದರೆ ಆಳುತ್ತಿದ್ದದ್ದು ಕಾಂಗ್ರೆಸ್. ಇಬ್ಬರನ್ನು ಬಿಡುವಂತಿಲ್ಲ. ಆ್ಯಂಡ್ರ್ಯೂ ಜಾಕ್ಸನ್‌ಗಿಂತ ಮೊದಲಿನ ಆರು ಅಧ್ಯಕ್ಷರು ಕಾಂಗ್ರೆಸ್ಸಿನ ಮಸೂದೆಯನ್ನು ತಡೆಯುವ ವೀಟೊವನ್ನು ಒಟ್ಟು 10 ಸಲ ಬಳಸಿದ್ದರೆ ಜಾಕ್ಸನ್ ಒಬ್ಬನೇ 12 ಸಲ ಬಳಸಿದ. ಇಡೀ ದೇಶದಿಂದ ಆರಿಸಿ ಬಂದವನು ತಾನು, ಆದ್ದರಿಂದ ಜನರ ದನಿ ತಾನೇ ಎಂದು ಹೇಳಿಕೊಂಡ. ಆ ಮಾತು ಈಗ ನಮಗೆ ಎಷ್ಟು ಸಹಜವಾಗಿ ಕೇಳುತ್ತದೆ! 1787ರಲ್ಲಿ ಹಾಗೆ ಹೇಳಿದ್ದರೆ ಸಭೆ ಬೆಚ್ಚಿಬೀಳುತ್ತಿತ್ತು.

ಇನ್ನೊಬ್ಬ ಲಿಂಕನ್. 1861ರ ಏಪ್ರಿಲ್‌ನಲ್ಲಿ ಅಂತರ್ಯುದ್ಧ ಶುರುವಾದಾಗ ಕಾಂಗ್ರೆಸ್ ಅಧಿವೇಶನದಲ್ಲಿರಲಿಲ್ಲ. ಜುಲೈ 4ಕ್ಕೆ ಸೇರಿ ಎಂದು ಕರೆಕೊಟ್ಟು, ಅಲ್ಲಿಯವರೆಗಿನ ಸುಮಾರು ಹನ್ನೆರಡು ವಾರ ಲಿಂಕನ್ ಒಬ್ಬನೇ ನಡೆಸಿದ. ದಕ್ಷಿಣದ ಬಂದರುಗಳಿಗೆ ದಿಗ್ಬಂಧನ ಹಾಕಿದ, ಸೇನೆ ಹಿಗ್ಗಿಸಿದ, ಬಂಧಿತನನ್ನು ನ್ಯಾಯಾಲಯದ ಮುಂದೆ ತರಬೇಕೆಂಬ ಹೇಬಿಯಸ್ ಕಾರ್ಪಸ್ ಹಕ್ಕನ್ನು ಅಮಾನತು ಮಾಡಿದ. ಈ ಕೊನೆಯದು ಕಾಂಗ್ರೆಸ್ಸಿನ ವಿಧಿಯಲ್ಲಿ ಬರೆದಿರುವ ಅಧಿಕಾರ, ಅಧ್ಯಕ್ಷನಿಗೆ ಇದಿಲ್ಲ ಎಂದು ಮುಖ್ಯ ನ್ಯಾಯಮೂರ್ತಿ ಟೇನಿ ತೀರ್ಪು ಬರೆದ. ಲಿಂಕನ್ ಪಾಲಿಸಲಿಲ್ಲ. ಒಂದು ಕಾಯಿದೆ ಮುರಿದೀತೆಂದು ಉಳಿದೆಲ್ಲ ಕಾಯಿದೆಗಳೂ ನಡೆಯದೆ ಹೋಗಲಿ ಎನ್ನಬೇಕೇ ಎಂದು ಕಾಂಗ್ರೆಸ್ಸಿನ ಮುಂದೆ ಕೇಳಿದ. ದಂಗೆಯೆದ್ದ ರಾಜ್ಯಗಳ ಗುಲಾಮರನ್ನು 1863ರ ಜನವರಿ 1ರಂದು ಬಿಡುಗಡೆ ಮಾಡಿದ್ದೂ ಸೇನೆಯ ದಂಡನಾಯಕನೆಂಬ ಇದೇ ಅಧಿಕಾರದಿಂದ.

ಈ ಭಾಗ ಪಾಠ ಮಾಡುವಾಗ ನನ್ನ ದನಿ ಏರುತ್ತಿತ್ತು. ಲಿಂಕನ್ ಮಾಡಿದ್ದು ಸರಿ ಎಂದು ಆಗಲೂ ನಂಬಿದ್ದೆ, ಈಗಲೂ ನಂಬುತ್ತೇನೆ. ಆದರೆ ಪಾಠ ಅಲ್ಲಿಗೇ ನಿಲ್ಲಿಸಿದರೆ ಮಕ್ಕಳಿಗೆ ಅರ್ಧ ಮಾತ್ರ ಹೇಳಿದಂತೆ. 1942ರ ಫೆಬ್ರವರಿ 19ರಂದು, ಯುದ್ಧಕಾಲದ ದಂಡನಾಯಕನೆಂಬ ಅದೇ ಅಧಿಕಾರದಿಂದ, ಫ್ರಾಂಕ್ಲಿನ್ ರೂಸ್‌ವೆಲ್ಟ್ 9066 ಸಂಖ್ಯೆಯ ಆದೇಶಕ್ಕೆ ಸಹಿ ಹಾಕಿದ. ಜಪಾನಿ ಮೂಲದ ಸುಮಾರು 1,20,000 ಜನರನ್ನು ಮನೆ, ಹೊಲ, ಅಂಗಡಿ ಬಿಡಿಸಿ ಶಿಬಿರಗಳಿಗೆ ತಳ್ಳಲಾಯಿತು. ಅವರಲ್ಲಿ ಹೆಚ್ಚಿನವರು ಅಮೆರಿಕದಲ್ಲೇ ಹುಟ್ಟಿದ ನಾಗರಿಕರು. ಕಾಂಗ್ರೆಸ್ ಅದಕ್ಕೆ ಕಾಯಿದೆಯ ಬಲ ಕೊಟ್ಟಿತು. 1944ರಲ್ಲಿ ಸುಪ್ರೀಂ ಕೋರ್ಟ್ ಆರು ಮೂರರಲ್ಲಿ ಎತ್ತಿಹಿಡಿಯಿತು. ಭಿನ್ನ ತೀರ್ಪು ಬರೆದವರಲ್ಲಿ ರಾಬರ್ಟ್ ಜಾಕ್ಸನ್ ಒಬ್ಬ. ಈ ತತ್ವ ಗುಂಡು ತುಂಬಿಟ್ಟ ಬಂದೂಕಿನಂತೆ ಬಿದ್ದಿರುತ್ತದೆ, ತುರ್ತು ಎಂದು ನಂಬಿಸಬಲ್ಲ ಯಾವ ಕೈ ಬೇಕಾದರೂ ಅದನ್ನು ಎತ್ತಿಕೊಳ್ಳಬಹುದು ಎಂದ. ಅವನೇ ಹಿಂದೆ ರೂಸ್‌ವೆಲ್ಟ್‌ನ ಅಟಾರ್ನಿ ಜನರಲ್ ಆಗಿದ್ದವನು.

ಅಣ್ಣನ ಮಗನ ಪ್ರಶ್ನೆಗೆ ನೇರ ಉತ್ತರ ಇರುವುದು 1952ರ ಜೂನ್ ತಿಂಗಳಲ್ಲಿ. ಆ ಒಂದು ತಿಂಗಳಲ್ಲಿ ಒಂದಕ್ಕೊಂದು ಎದುರಾದ ಎರಡು ಸಂಗತಿ ನಡೆದವು. ಪಠ್ಯಪುಸ್ತಕಗಳಲ್ಲಿ ಮೊದಲನೆಯದು ಮಾತ್ರ ಇರುತ್ತದೆ.

ಕೊರಿಯಾ ಯುದ್ಧ ನಡೆಯುತ್ತಿತ್ತು. ಉಕ್ಕಿನ ಕಾರ್ಖಾನೆಗಳಲ್ಲಿ ಮುಷ್ಕರ ಶುರುವಾಗುವುದರಲ್ಲಿತ್ತು. ಮದ್ದುಗುಂಡಿಗೆ ಉಕ್ಕು ಬೇಕೆಂದು ಅಧ್ಯಕ್ಷ ಟ್ರೂಮನ್ ಏಪ್ರಿಲ್‌ನಲ್ಲಿ ಕಾರ್ಖಾನೆಗಳನ್ನೇ ಸರ್ಕಾರದ ವಶಕ್ಕೆ ತೆಗೆದುಕೊಂಡ. ಜೂನ್ 2ರಂದು ಸುಪ್ರೀಂ ಕೋರ್ಟ್ ಆರು ಮೂರರಲ್ಲಿ ಅದನ್ನು ರದ್ದು ಮಾಡಿತು. ಇಲ್ಲೂ ಅದೇ ಜಾಕ್ಸನ್ ಬರೆದ ಟಿಪ್ಪಣಿಯನ್ನು ವಕೀಲರು ಇವತ್ತಿಗೂ ಕೈಬಿಟ್ಟಿಲ್ಲ. ಅಧ್ಯಕ್ಷರ ಬಲ ಒಂದೇ ಮಟ್ಟದಲ್ಲಿ ನಿಂತಿರುವುದಿಲ್ಲ, ಕಾಂಗ್ರೆಸ್ ಏನು ಹೇಳಿದೆ ಎಂಬುದರ ಮೇಲೆ ಏರಿಳಿಯುತ್ತದೆ ಎಂದು ಅವನ ವಾದ. ಕಾಂಗ್ರೆಸ್ ಒಪ್ಪಿ ಕೊಟ್ಟಿದ್ದರೆ ಬಲ ತುತ್ತತುದಿಯಲ್ಲಿರುತ್ತದೆ. ಸುಮ್ಮನಿದ್ದರೆ ಮಬ್ಬುಗತ್ತಲು. ಬೇಡವೆಂದಿದ್ದರೆ ತಳ.

ಸರಿ, ಅಧ್ಯಕ್ಷರಿಗೆ ಕಡಿವಾಣ ಬಿತ್ತು ಎಂದು ನಾವು ಪಾಠ ಮುಗಿಸುತ್ತಿದ್ದೆವು. ಆದರೆ ಆ ತೀರ್ಪಿನ 25 ದಿನದ ಮೇಲೆ, ಜೂನ್ 27ರಂದು, ಹೊಸ ವಲಸೆ ಕಾಯಿದೆಗೆ ಅಂತಿಮ ಅಂಗೀಕಾರ ಸಿಕ್ಕಿತು. ಹುಟ್ಟಿದ ದೇಶ ನೋಡಿ ವಲಸಿಗರನ್ನು ಅಳೆಯುವ ಕಾಯಿದೆ ಅದು. ಇಡೀ ಭಾರತಕ್ಕೆ ವರ್ಷಕ್ಕೆ ನೂರೇ ಜನರ ಕೋಟಾ ಹಾಗೇ ಉಳಿಯಿತು. ಇದು ಅನ್ಯಾಯವೆಂದು ಟ್ರೂಮನ್ ವೀಟೊ ಹಾಕಿದ್ದ. ಕಾಂಗ್ರೆಸ್ ಎರಡೂ ಸದನಗಳಲ್ಲಿ ಮೂರನೇ ಎರಡರಷ್ಟು ಬಹುಮತದಿಂದ ಆ ವೀಟೊವನ್ನು ಮೀರಿತು. ಅದೇ ಕಾಯಿದೆಯ ಒಳಗೆ ಒಂದು ಸಣ್ಣ ಕಲಮು, 212ರ ಎಫ್. ಯಾವುದೇ ವರ್ಗದ ವಿದೇಶಿಯರ ಪ್ರವೇಶ ದೇಶದ ಹಿತಕ್ಕೆ ಹಾನಿ ಎಂದು ಅಧ್ಯಕ್ಷರಿಗೆ ಕಂಡರೆ, ಅವರು ಘೋಷಣೆ ಹೊರಡಿಸಿ, ತಮಗೆ ಅಗತ್ಯವೆನಿಸಿದಷ್ಟು ಕಾಲ ಅದನ್ನು ತಡೆಯಬಹುದು ಅಥವಾ ತಮಗೆ ಸೂಕ್ತವೆನಿಸಿದ ನಿರ್ಬಂಧ ಹಾಕಬಹುದು. ಅಧ್ಯಕ್ಷರಿಗೆ ಕಂಡರೆ, ಅಗತ್ಯವೆನಿಸಿದಷ್ಟು, ಸೂಕ್ತವೆನಿಸಿದ. ಅಳತೆಗೋಲೆಲ್ಲ ಅವರದೇ. 2025ರ ಸೆಪ್ಟೆಂಬರ್ ಘೋಷಣೆ ಹೊರಟದ್ದು ಈ ಕಲಮಿನ ಆಧಾರದ ಮೇಲೆ. ಅಧ್ಯಕ್ಷ ಬೇಡವೆಂದರೂ ಬಿಡದೆ, ಕಾಂಗ್ರೆಸ್ ತಾನೇ ಹಟ ಹಿಡಿದು ಮುಂದಿನ ಅಧ್ಯಕ್ಷರೆಲ್ಲರ ಕೈಗೆ ಇಟ್ಟ ಅಧಿಕಾರ ಇದು.

ಅಧಿಕಾರ ಕಿತ್ತುಕೊಳ್ಳುವ ಅಧ್ಯಕ್ಷರ ಕಥೆಯನ್ನೇ ನಾವು ಹೆಚ್ಚಾಗಿ ಹೇಳುತ್ತೇವೆ. ಕೊಟ್ಟವರ ಕಥೆ ಅದಕ್ಕಿಂತ ಉದ್ದ. ಯುದ್ಧವನ್ನೇ ನೋಡಿ. ಫಿಲಡೆಲ್ಫಿಯಾದಲ್ಲಿ ಬಟ್ಲರ್ ಆ ಅಧಿಕಾರ ಅಧ್ಯಕ್ಷನಿಗಿರಲಿ ಎಂದಾಗ, ಗಣರಾಜ್ಯವೊಂದರಲ್ಲಿ ಇಂಥ ಸಲಹೆ ಕೇಳಬೇಕಾದೀತೆಂದು ಎಣಿಸಿರಲಿಲ್ಲ ಎಂದು ಎಲ್‌ಬ್ರಿಜ್ ಗೆರಿ ಗದರಿದ್ದ. ಯುದ್ಧ ಸಾರುವುದು ಕಾಂಗ್ರೆಸ್ಸಿಗೇ ಉಳಿಯಿತು. ಕಾಂಗ್ರೆಸ್ ಕೊನೆಯದಾಗಿ ಯುದ್ಧ ಸಾರಿದ್ದು 1942ರ ಜೂನ್‌ನಲ್ಲಿ. ಕೊರಿಯಾಕ್ಕೆ ಟ್ರೂಮನ್ ಕೇಳದೆಯೇ ಸೇನೆ ಕಳಿಸಿದ. ವಿಯೆಟ್ನಾಮಿಗೆ 1964ರಲ್ಲಿ ಕೇಳಿದಾಗ ಪ್ರತಿನಿಧಿ ಸಭೆ 416–0, ಸೆನೆಟ್ 88–2 ಮತದಿಂದ ಬಾಗಿಲು ತೆರೆಯಿತು. ಆಮೇಲೆ ಮರುಗಿತು. 1973ರಲ್ಲಿ ನಿಕ್ಸನ್ ವೀಟೊ ಮೀರಿ, 60 ದಿನದೊಳಗೆ ನಮ್ಮ ಒಪ್ಪಿಗೆ ಸಿಗದಿದ್ದರೆ ಸೇನೆ ವಾಪಸ್ ಕರೆಸಬೇಕೆಂದು ಕಾಯಿದೆ ಮಾಡಿತು. 2001ರಲ್ಲಿ ಮತ್ತೆ ಅರವತ್ತೇ ಪದಗಳ ಒಂದು ಕಾರ್ಯಕಾರಿ ವಾಕ್ಯದಲ್ಲಿ ಬಲಪ್ರಯೋಗಕ್ಕೆ ಒಪ್ಪಿಗೆ ಕೊಟ್ಟಿತು. ಇಡೀ ಕಾಂಗ್ರೆಸ್ಸಿನಲ್ಲಿ ಬೇಡವೆಂದವರು ಬಾರ್ಬರಾ ಲೀ ಒಬ್ಬರೇ. ಸೆಪ್ಟೆಂಬರ್ 11ರ ದಾಳಿ ನಡೆಸಿದವರ ವಿರುದ್ಧವೆಂದು ಕೊಟ್ಟ ಆ ಒಪ್ಪಿಗೆಯನ್ನು ಮುಂದೆ ಯೆಮನ್, ಸೊಮಾಲಿಯಾ, ಸಿರಿಯಾಗಳಿಗೂ ಎಳೆಯಲಾಯಿತು.

ಕೊಟ್ಟದ್ದನ್ನು ವಾಪಸ್ ಪಡೆಯುವುದು ಯಾಕೆ ಇಷ್ಟು ಕಷ್ಟ? ಇಲ್ಲಿ ಜಗದೀಶ್ ರಾಯ್ ಚಡ್ಡಾ ಎಂಬ ಹೆಸರು ಬರುತ್ತದೆ. ಕೀನ್ಯಾದಲ್ಲಿ ಹುಟ್ಟಿದ ಭಾರತೀಯ ಮೂಲದ ವಿದ್ಯಾರ್ಥಿ, ಬ್ರಿಟಿಷ್ ಪಾಸ್‌ಪೋರ್ಟ್. ಓದಲು ಅಮೆರಿಕಕ್ಕೆ ಹೋದ, ವೀಸಾ ಮುಗಿಯಿತು. ಗಡೀಪಾರು ಮಾಡಬೇಕಿಲ್ಲವೆಂದು ವಲಸೆ ನ್ಯಾಯಾಧೀಶರು ತೀರ್ಮಾನಿಸಿದರೆ, 1975ರಲ್ಲಿ ಪ್ರತಿನಿಧಿ ಸಭೆ ಒಂದೇ ನಿರ್ಣಯದಿಂದ ಆ ತೀರ್ಮಾನವನ್ನು ತಳ್ಳಿಹಾಕಿತು. ಆಗಿನ ಅನೇಕ ಕಾಯಿದೆಗಳಲ್ಲಿ ಇಂಥ ದಾರ ಕಟ್ಟಿರುತ್ತಿತ್ತು. ಅಧಿಕಾರವನ್ನು ಕಾರ್ಯಾಂಗಕ್ಕೆ ಕೊಡುತ್ತೇವೆ, ಬೇಡವೆನಿಸಿದರೆ ನಮ್ಮದೊಂದು ನಿರ್ಣಯದಿಂದ ತಡೆಯುತ್ತೇವೆ ಎಂದು. ಚಡ್ಡಾ ನ್ಯಾಯಾಲಯಕ್ಕೆ ಹೋದ. 1983ರಲ್ಲಿ ಸುಪ್ರೀಂ ಕೋರ್ಟ್ ಏಳು ಎರಡರಲ್ಲಿ ಆ ದಾರವನ್ನು ಕತ್ತರಿಸಿತು. ಎರಡೂ ಸದನ ದಾಟಿ, ಅಧ್ಯಕ್ಷರ ಸಹಿಗೆ ಹೋಗದ ಯಾವುದೂ ಕಾಯಿದೆಯ ಬಲ ಪಡೆಯದು ಎಂದಿತು. ಒಬ್ಬ ಹುಡುಗನಿಗೆ ನ್ಯಾಯ ಸಿಕ್ಕಿತು. ತರ್ಕವೂ ತಪ್ಪೆಂದು ನನಗೆ ಅನಿಸುವುದಿಲ್ಲ. ಆದರೆ ದಾರ ಕತ್ತರಿಸಿದ ಮೇಲೂ ಗಾಳಿಪಟ ಕೆಳಗೆ ಬೀಳಲಿಲ್ಲ, ಅಧ್ಯಕ್ಷರ ಕೈಯಲ್ಲೇ ಹಾರುತ್ತಾ ಉಳಿಯಿತು. ಈಗ ಕೊಟ್ಟ ಅಧಿಕಾರವನ್ನು ಕಸಿಯುವ ಮಸೂದೆಗೂ ಆ ಅಧಿಕಾರ ಅನುಭವಿಸುತ್ತಿರುವ ಅಧ್ಯಕ್ಷರೇ ಸಹಿ ಹಾಕಬೇಕು. ಇಲ್ಲದಿದ್ದರೆ ಮೂರನೇ ಎರಡರಷ್ಟು ಜನ ಒಟ್ಟಾಗಬೇಕು.

2019ರಲ್ಲಿ ಇದು ಕಣ್ಣೆದುರಿಗೇ ನಡೆಯಿತು. ಗಡಿಗೋಡೆಗೆ ಹಣ ಹೊಂದಿಸಲು ಅಧ್ಯಕ್ಷ ಟ್ರಂಪ್ ರಾಷ್ಟ್ರೀಯ ತುರ್ತುಸ್ಥಿತಿ ಸಾರಿದರು. ಅದು ಬೇಡವೆಂದು ಎರಡೂ ಸದನ ಮತ ಹಾಕಿದವು. ಸೆನೆಟ್ಟಿನಲ್ಲಿ ಅವರದೇ ಪಕ್ಷದ ಬಹುಮತವಿದ್ದರೂ 59–41. ಅವರು ವೀಟೊ ಹಾಕಿದರು. ಮೀರಲು ಹೊರಟಾಗ ಪ್ರತಿನಿಧಿ ಸಭೆಯಲ್ಲಿ 248 ಮತ ಬಂತು, ಎದುರು 181. ಬಹುಮತ ಸ್ಪಷ್ಟವಾಗಿತ್ತು, ಆದರೂ ಸಾಲಲಿಲ್ಲ. ತುರ್ತುಸ್ಥಿತಿ ಮುಂದುವರಿಯಿತು. ನಮ್ಮಲ್ಲಾದರೆ ಲೋಕಸಭೆಯಲ್ಲಿ ಒಂದೇ ಮತ ಕಡಿಮೆಯಾಗಿ ಸರ್ಕಾರ ಬಿದ್ದದ್ದನ್ನು 1999ರಲ್ಲಿ ನೋಡಿದ್ದೇವೆ. ಅಲ್ಲಿ ಅಧ್ಯಕ್ಷರನ್ನು ಇಳಿಸಲು ಕಾಂಗ್ರೆಸ್ಸಿಗೆ ಮಹಾಭಿಯೋಗವೊಂದೇ ದಾರಿ, ಸೆನೆಟ್ ಅದರಿಂದ ಇದುವರೆಗೆ ಒಬ್ಬರನ್ನೂ ಇಳಿಸಿಲ್ಲ.

ನ್ಯಾಯಾಲಯ ತಡೆಯುವುದಿಲ್ಲವೇ? ತಡೆದದ್ದುಂಟು. 1974ರಲ್ಲಿ ವಾಟರ್‌ಗೇಟ್ ಹಗರಣದ ತನಿಖೆಗೆ ಬೇಕಾದ ಮಾತುಕತೆಯ ಟೇಪುಗಳನ್ನು ಒಪ್ಪಿಸು ಎಂದು ನಿಕ್ಸನ್‌ಗೆ ಎಂಟು ನ್ಯಾಯಮೂರ್ತಿಗಳೂ ಒಂದೇ ದನಿಯಲ್ಲಿ ಹೇಳಿದ ಹದಿನಾರನೆಯ ದಿನ ಅವನು ಕುರ್ಚಿ ಬಿಟ್ಟ. ಆದರೆ 212ರ ಎಫ್ ಕಲಮು 2018ರಲ್ಲಿ ಮುಂದೆ ಬಂದಾಗ, ಅದರ ಪ್ರತಿಯೊಂದು ಮಾತೂ ಅಧ್ಯಕ್ಷರಿಗೆ ಮನ್ನಣೆ ಸೂಸುತ್ತದೆ ಎಂದು ಐದು ನಾಲ್ಕರಲ್ಲಿ ತೀರ್ಪು ಬಂತು. 1944ರ ಜಪಾನಿ ಶಿಬಿರಗಳ ತೀರ್ಪು ಕೊಟ್ಟ ದಿನವೇ ಘೋರ ತಪ್ಪಾಗಿತ್ತೆಂದು ಅದೇ ಕಾಗದದಲ್ಲಿ ಬರೆದರು. 2024ರ ಜುಲೈ 1ರಂದು, ಸಂವಿಧಾನ ಕೊಟ್ಟ ಮೂಲ ಅಧಿಕಾರ ಚಲಾಯಿಸುವಾಗ ಅಧ್ಯಕ್ಷರು ಮಾಡಿದ್ದಕ್ಕೆ ಕ್ರಿಮಿನಲ್ ಮೊಕದ್ದಮೆ ಹೂಡುವಂತೆಯೇ ಇಲ್ಲ ಎಂದು ಆರು ಮೂರರಲ್ಲಿ ಹೇಳಿತು. ಫಿಲಡೆಲ್ಫಿಯಾದ ಆ ಮೌನ ನನಗೆ ಮತ್ತೆ ನೆನಪಾದದ್ದು ಆ ದಿನ.

ಅಣ್ಣನ ಮಗನ ಕಥೆ ಹೇಳಿಬಿಡುತ್ತೇನೆ. ಶನಿವಾರ ರಾತ್ರಿ ಕಳೆಯುವಷ್ಟರಲ್ಲಿ, ಈ ಶುಲ್ಕ ಹೊಸ ಅರ್ಜಿಗಳಿಗೆ ಮಾತ್ರ, ಈಗಾಗಲೇ ವೀಸಾ ಇರುವವರು ಹೋಗಿ ಬರಬಹುದು ಎಂದು ಶ್ವೇತಭವನದಿಂದ ಸ್ಪಷ್ಟನೆ ಬಂತು. ಅಷ್ಟರಲ್ಲಿ ಅವನು ಎರಡು ಟಿಕೆಟ್ ನೋಡಿ, ಒಂದನ್ನು ಬುಕ್ ಮಾಡಿ, ರದ್ದು ಮಾಡಿದ್ದ. ಅಮಾವಾಸ್ಯೆಯ ಎಡೆ ಇಡುವಾಗ ಜೊತೆಗೇ ಇದ್ದ. ನವರಾತ್ರಿಗೆ ಗೊಂಬೆ ಜೋಡಿಸಲು ಅಟ್ಟದಿಂದ ಪೆಟ್ಟಿಗೆಗಳನ್ನು ಅವನೇ ಇಳಿಸಿಕೊಟ್ಟ. ಪಟ್ಟದ ಗೊಂಬೆಗಳನ್ನು ಒರೆಸುತ್ತಾ ಕೂತಾಗ 1952ರ ಜೂನ್ ತಿಂಗಳ ಕಥೆಯನ್ನಷ್ಟೇ ಅವನಿಗೆ ಹೇಳಿದೆ. ಪೂರ್ತಿ ಕೇಳಿಸಿಕೊಂಡನೋ ಇಲ್ಲವೋ ತಿಳಿಯಲಿಲ್ಲ.

ಹೋದವನು ಅಲ್ಲಿ ಇಳಿದು ಇಮಿಗ್ರೇಷನ್ ಸಾಲಿನಲ್ಲಿ ನಿಂತಿದ್ದಾಗ ವಾಟ್ಸ್‌ಆ್ಯಪ್‌ನಲ್ಲಿ ಒಂದು ಸಾಲು ಬರೆದ. "ಅತ್ತೆ, ಆ ಕಾಯ್ದೆಗೆ ವೀಟೊ ಹಾಕಿದ ಅಧ್ಯಕ್ಷರ ಹೆಸರು ಏನಂದ್ರಿ?"

ಟ್ರೂಮನ್ ಎಂದು ಕಳಿಸಿದೆ.